ಪದ್ಮಾ ಕೇಳಿಸಿಕೊಂಡ ಜಪಾನು

ನಂಜನಗೂಡು, ಹೊರಡುವ ಮುನ್ನ

ನಮ್ಮ ಮನೆಯಲ್ಲಿ ಚಾರ್ಜಿಗೆ ಹಾಕದೆ ಓಡಾಡುವ ವಸ್ತು ನಾನೊಬ್ಬನೇ ಎಂದು ನನ್ನ ಹೆಂಡತಿ ಪದ್ಮಾ ಬಂದವರಿಗೆಲ್ಲ ಹೇಳುತ್ತಾಳೆ. ಸುಳ್ಳಲ್ಲ. ನೆಲ ಒರೆಸುವ ರೋಬೊ ಇದೆ, ಅದು ದಿನಕ್ಕೊಂದು ಸಲ ದೇವರ ಮನೆಯ ಹೊಸಿಲಿಗೆ ಸಿಕ್ಕಿಕೊಂಡು ನನ್ನನ್ನು ಬಿಡಿಸಿ ಎಂದು ಕೂಗುತ್ತದೆ. ಬಾಗಿಲಲ್ಲಿ ಕ್ಯಾಮೆರಾ ಇರುವ ಕಾಲಿಂಗ್ ಬೆಲ್ ಇದೆ, ಹಾಲಿನವನು ಬಂದರೆ ತಾಂಡ್ಯದ ಕಾರ್ಖಾನೆಯಲ್ಲಿ ಕೂತಿರುವ ನನ್ನ ಫೋನಿಗೆ ಅವನ ಮುಖ ಬರುತ್ತದೆ. ಕಳಲೆಯ ಜಮೀನಿನ ಪಂಪ್‌ಸೆಟ್ಟನ್ನು ಹಾಸಿಗೆಯಲ್ಲಿ ಮಲಗಿಕೊಂಡೇ ಆನ್ ಮಾಡುತ್ತೇನೆ. ಕಾರ್ಖಾನೆಯಲ್ಲಿ ನನ್ನ ಕೆಲಸ ಮೀಟರು, ಸೆನ್ಸರುಗಳು ಸರಿಯಾಗಿವೆಯೇ ಎಂದು ನೋಡಿಕೊಳ್ಳುವುದು. ಮನೆಗೆ ಬಂದ ಮೇಲೆ ಅದೇ ಹುಚ್ಚು ಸಂಬಳವಿಲ್ಲದೆ ಮುಂದುವರಿಯುತ್ತದೆ.

ಪದ್ಮಾ ತಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಬರುತ್ತಾಳೆ. ಮೂರು ವರ್ಷದಿಂದ ಅವಳಿಗೆ ಎರಡೂ ಕಿವಿ ಮಂದ. ಮೈಸೂರಿನ ಡಾಕ್ಟರು ಪರೀಕ್ಷೆ ಮಾಡಿ, ಇದು ಔಷಧಿಗೆ ಬಗ್ಗುವುದಲ್ಲ, ಮೆಷಿನ್ ಹಾಕಿಕೊಂಡರೆ ಚೆನ್ನಾಗಿ ಕೇಳುತ್ತದೆ ಎಂದಿದ್ದರು. ನಾನು ಅಲ್ಲಿಂದ ಬರುವ ದಾರಿಯಲ್ಲೇ ಫೋನಿನಲ್ಲಿ ಹುಡುಕಿ, ಹೊಸದರಲ್ಲಿ ಹೊಸದಾದ ಒಂದು ಜೊತೆ ತರಿಸಿದೆ. ಅವಳು ಡಬ್ಬಿಯ ಮುಚ್ಚಳ ಕೂಡ ತೆಗೆಯಲಿಲ್ಲ.

"ಕಿವಿಗೆ ಅದನ್ನ ಸಿಕ್ಕಿಸ್ಕೊಂಡು ನಿಂತ್ರೆ ಮಕ್ಕಳು ಬೋರ್ಡ್ ನೋಡ್ತವಾ, ನನ್ನ ಕಿವಿ ನೋಡ್ತವಾ?" ಎಂದಳು.

ಕ್ಲಾಸಿನಲ್ಲಿ ಮಗು ಒಂದು ಉತ್ತರ ಹೇಳಿದರೆ ಇವಳಿಗೆ ಇನ್ನೊಂದು ಕೇಳಿಸುತ್ತಿತ್ತು. ಮಕ್ಕಳು ನಗುತ್ತಿದ್ದರು. ಕೊನೆಗೆ ಸ್ವಯಂನಿವೃತ್ತಿಯ ಪತ್ರ ಬರೆದಿಟ್ಟಳು. ದಸರಾ ರಜೆ ಮುಗಿದು ಸ್ಕೂಲು ತೆರೆಯುವ ದಿನ ಕೊಡುತ್ತೇನೆಂದು ಹೆಡ್‌ಮಾಸ್ಟರಿಗೆ ಹೇಳಿಯೂ ಬಿಟ್ಟಳು. ಇನ್ನೂ ಎಂಟು ವರ್ಷ ಸರ್ವಿಸ್ ಇತ್ತು. ಮದುವೆಯಾಗಿ ಮೂರನೆಯ ದಿನ ನಡುಮನೆಯಲ್ಲಿ ಉತ್ತರಪತ್ರಿಕೆ ಹರಡಿಕೊಂಡು ಕೂತಿದ್ದ ಹೆಂಗಸು ಇವಳು. ಕೆಲಸ ಬಿಟ್ಟು ಇವಳು ದಿನವಿಡೀ ಏನು ಮಾಡುತ್ತಾಳೆ?

ಜಪಾನ್ ನೋಡಬೇಕೆನ್ನುವುದು ನನ್ನ ಬಹಳ ವರ್ಷದ ಆಸೆ. ಅದನ್ನೂ ಇದನ್ನೂ ಗಂಟುಹಾಕಿದೆ.

"ಒಂದು ಮಾತು ಕೇಳು. ಅಲ್ಲಿ ನಿನ್ನನ್ನ ಮೇಡಂ ಅನ್ನೋರು ಯಾರೂ ಇಲ್ಲ. ಹತ್ತು ದಿನ ಹಾಕ್ಕೊಂಡು ಓಡಾಡು. ಸರಿಹೋಗಲಿಲ್ಲ ಅಂದ್ರೆ ಬಂದು ಪತ್ರ ಕೊಡು. ನಾನು ತುಟಿ ಬಿಚ್ಚಲ್ಲ."

"ನೀವು ತುಟಿ ಬಿಚ್ಚದೇ ಇರೋದಾ? ಅದನ್ನ ನೋಡೋಕಾದ್ರೂ ಬತ್ತೀನಿ," ಎಂದಳು.

ಕಾರ್ಖಾನೆಯಲ್ಲಿ ಸುದ್ದಿ ಹಬ್ಬಿತು. ನನ್ನ ಸೆಕ್ಷನ್ನಿನ ಫಿಟ್ಟರ್ ಮಹದೇವ ಗುಟ್ಟು ಹೇಳುವವನಂತೆ ಹತ್ತಿರ ಬಂದ. "ಸಾ, ಜಪಾನ್‌ಗೆ ಓಯ್ತಿದ್ದೀರಂತೆ? ಅಲ್ಲಿ ಕಕ್ಕಸ್ಸೂ ಮಾತಾಡ್ತದಂತೆ ಕಣ್ ಸಾ. ಒಸಿ ವಿಡಿಯೋ ಮಾಡ್ಕಂಡ್ ಬನ್ನಿ."

ಒಸಾಕಾ, ಮೊದಲ ದಿನ

ಮಹದೇವನ ಮಾತು ನಿಜ. ಹೋಟೆಲಿನ ಕಕ್ಕಸ್ಸು ನಾನು ಒಳಗೆ ಕಾಲಿಟ್ಟ ಕೂಡಲೇ ತಾನಾಗಿ ಮುಚ್ಚಳ ತೆರೆದು ಸ್ವಾಗತಿಸಿತು. ಗೋಡೆಯ ಮೇಲೆ ಒಂದು ಡಜನ್ ಗುಂಡಿಗಳಿದ್ದವು. ಸೀಟು ಬೆಚ್ಚಗಾಗಲು ಒಂದು, ನೀರು ಚಿಮ್ಮಲು ಎರಡು, ಒಣಗಿಸಲು ಇನ್ನೊಂದು. ಸುಮ್ಮನೆ ನೀರು ಹರಿಯುವ ಸದ್ದು ಬರಿಸುವ ಗುಂಡಿಯೂ ಇತ್ತು, ಒಳಗಿನವರ ಸದ್ದು ಹೊರಗಿನವರಿಗೆ ಕೇಳಬಾರದೆಂದು. ಇಷ್ಟು ನಾಚಿಕೆಯ ಜನ ಇಷ್ಟು ಚೆನ್ನಾಗಿ ಯೋಚಿಸಿದ್ದಾರಲ್ಲ ಎಂದು ನನಗೆ ಮೆಚ್ಚುಗೆಯಾಯಿತು. ಸೆನ್ಸರ್ ನೋಡುವವನ ಕೈ ಸುಮ್ಮನಿರುವುದಿಲ್ಲ. ಎದ್ದು ನಿಂತು ಎಲ್ಲ ಗುಂಡಿ ಒತ್ತಿ ಪರೀಕ್ಷಿಸಿದೆ. ನೀರು ನೇರ ಬಂದು ಅಂಗಿಯ ಜೇಬಿಗೆ ಬಿತ್ತು. ಮಹದೇವನ ವಿಡಿಯೋ ಅಲ್ಲಿಗೆ ಮುಗಿಯಿತು.

ಬಟ್ಟೆ ಬದಲಿಸಿ ಬಂದಾಗ ಪದ್ಮಾ ಹಾಸಿಗೆಯ ಅಂಚಿನಲ್ಲಿ ಡಬ್ಬಿ ಬಿಚ್ಚಿಕೊಂಡು ಕೂತಿದ್ದಳು. ಕಡಲೆಬೀಜದಷ್ಟು ದೊಡ್ಡ ಎರಡು ಬೂದುಬಣ್ಣದ ತುಂಡು, ಕಿವಿಯ ಹಿಂದೆ ಕೂರುವಂಥವು, ಅದರಿಂದ ಕಿವಿಯೊಳಕ್ಕೆ ಕೂದಲಿನಷ್ಟು ಸಣ್ಣ ತಂತಿ. ಫೋನಿನ ಆ್ಯಪು ಅವಳ ಕಿವಿಗೆ ಬೇರೆ ಬೇರೆ ಸ್ವರ ಕೇಳಿಸಿ, ಎಲ್ಲಿ ಕೇಳುತ್ತದೆ, ಎಲ್ಲಿ ಇಲ್ಲ ಎಂದು ಗೆರೆ ಎಳೆದು, ಅದಕ್ಕೆ ತಕ್ಕಂತೆ ಮೆಷಿನ್ನನ್ನು ತಾನೇ ಹೊಂದಿಸಿತು. ಮೈಸೂರಿನಲ್ಲಿ ಗಾಜಿನ ಕೋಣೆಯಲ್ಲಿ ಕೂರಿಸಿ ಮಾಡಿದ್ದ ಪರೀಕ್ಷೆಯನ್ನು ಹತ್ತು ನಿಮಿಷದಲ್ಲಿ ಫೋನು ಮಾಡಿ ಮುಗಿಸಿದ್ದಕ್ಕೆ ನಾನು ಚಪ್ಪಾಳೆ ತಟ್ಟಿದೆ. ಪದ್ಮಾ ಬೆಚ್ಚಿಬಿದ್ದಳು. ಆಮೇಲೆ ಕೈ ಅಲ್ಲಾಡಿಸಿ ನೋಡಿಕೊಂಡಳು.

"ಬಳೆ ಇಷ್ಟು ಸದ್ದು ಮಾಡ್ತವೇನ್ರೀ?"

"ಯಾವಾಗ್ಲೂ ಮಾಡ್ತವೆ."

"ಮೂರು ವರ್ಷದಿಂದ ಸುಮ್ನಿದ್ವು," ಎಂದು ಇನ್ನೊಮ್ಮೆ ಅಲ್ಲಾಡಿಸಿದಳು. ಕಿವಿಯ ಮೇಲೆ ಕೂದಲು ಎಳೆದುಕೊಂಡು, ಕನ್ನಡಿಯಲ್ಲಿ ಎರಡೂ ಪಕ್ಕ ನೋಡಿಕೊಂಡು, ಏನೂ ಕಾಣುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಹೊರಗೆ ಬಂದಳು.

ಹೋಟೆಲಿನ ಮುಂದಿನ ದೊಡ್ಡ ರಸ್ತೆ ದಾಟುವಲ್ಲಿ ಥಟ್ಟನೆ ನಿಂತಳು. "ಕೋಗಿಲೆ ಥರ ಕೂಗ್ತಾ ಇದೆ," ಎಂದಳು. ಸುತ್ತ ಒಂದು ಮರವಿಲ್ಲ. ಬರೀ ಕಟ್ಟಡ. ನನಗೂ ಕೇಳಿಸಿತು, ಆದರೆ ನಾನು ಗಮನಿಸಿರಲಿಲ್ಲ. ಇಬ್ಬರೂ ತಲೆ ಎತ್ತಿ ಹುಡುಕಿದೆವು. ಕೂಗು ಬರುತ್ತಿದ್ದದ್ದು ಸಿಗ್ನಲ್ ಕಂಬದಿಂದ. ಕಣ್ಣು ಕಾಣದವರಿಗೆ ಈಗ ದಾಟಬಹುದು ಎಂದು ತಿಳಿಸಲು ಕಂಬವೇ ಹಕ್ಕಿಯ ದನಿಯಲ್ಲಿ ಕೂಗುತ್ತದಂತೆ. ನಮ್ಮಲ್ಲಿ ರಸ್ತೆ ದಾಟಬೇಕಾದರೆ ಲಾರಿಯವನ ಕಣ್ಣಲ್ಲಿ ಕಣ್ಣಿಟ್ಟು, ಶ್ರೀಕಂಠೇಶ್ವರನ ಮೇಲೆ ಭಾರ ಹಾಕಿ ಕಾಲು ಮುಂದಿಡುತ್ತೇವೆ. ಇಲ್ಲಿ ಪದ್ಮಾ ಆ ರಸ್ತೆಯನ್ನು ಮೂರು ಸಲ ದಾಟಿದಳು, ಎಲ್ಲಿಗೂ ಹೋಗುವುದಕ್ಕಲ್ಲ, ಕೂಗು ಕೇಳುವುದಕ್ಕೆ. ಮೂರನೆಯ ಸಲ ನನ್ನ ಕಣ್ಣು ತುಂಬಿ ಬಂತು.

ಒಸಾಕಾ, ಎರಡನೆಯ ದಿನ

ಮಧ್ಯಾಹ್ನದ ಊಟಕ್ಕೆ ಹೋದ ಹೋಟೆಲಿನಲ್ಲಿ ಬಡಿಸುವವರು ಯಾರೂ ಕಾಣಲಿಲ್ಲ. ಪ್ರತಿ ಮೇಜಿನ ಮೇಲೂ ಒಂದು ಟ್ಯಾಬ್. ಫೋನಿನ ಕ್ಯಾಮೆರಾವನ್ನು ಅದರ ಮೇಲೆ ಹಿಡಿದರೆ ಜಪಾನೀ ಅಕ್ಷರವೆಲ್ಲ ಅಲ್ಲೇ ಕನ್ನಡವಾಗಿ ಬದಲಾಗುತ್ತಿತ್ತು. ನಾವು ಸಸ್ಯಾಹಾರಿಗಳು. ಸಾರು ಎಂದು ಕಂಡದ್ದೆಲ್ಲ ಆ್ಯಪಿನ ಕೆಳಗೆ ಮೀನಿನ ಸಾರಾಯಿತು. ಆ್ಯಪು ಇಲ್ಲದಿದ್ದರೆ ನಾವು ಎರಡನೆಯ ದಿನವೇ ಕುಲಗೆಡುತ್ತಿದ್ದೆವು. ಕೊನೆಗೆ ತರಕಾರಿ ಹುರಿದದ್ದು ಮತ್ತು ಅನ್ನ ಒತ್ತಿದೆವು.

ನಾನು ಟ್ಯಾಬಿನ ಸೌಂದರ್ಯ ನೋಡುತ್ತಾ ಇದ್ದಾಗ ಪದ್ಮಾ, "ರೀ, ಕಾಲು ಎತ್ಕೊಳ್ಳಿ, ಹಿಂದೆ ಏನೋ ಹಾಡ್ಕೊಂಡು ಬತ್ತಾ ಇದೆ," ಎಂದಳು. ತಿರುಗಿದರೆ ಬೆಕ್ಕಿನ ಮುಖದ ರೋಬೊ, ಮೂರಂತಸ್ತಿನ ತಟ್ಟೆ ಹೊತ್ತು, ಮೆಲ್ಲಗೆ ಹಾಡಿಕೊಂಡು ಬಂದು ನನ್ನ ಮೊಣಕಾಲಿನ ಮುಂದೆ ನಿಂತಿತ್ತು. ನನಗಿಂತ ಮೊದಲು ಅವಳು ಸದ್ದು ಕೇಳಿ ನನ್ನನ್ನು ಎಚ್ಚರಿಸಿ ಎಷ್ಟು ಕಾಲವಾಗಿತ್ತು! ಆ ಬೆಕ್ಕಿನ ತಲೆ ಸವರಿದೆ. ಅದು ಕಣ್ಣು ಮುಚ್ಚಿ ಖುಷಿಪಟ್ಟಿತು, ಹಾಗೂ ಮಾಡಿಟ್ಟಿದ್ದಾರೆ.

ಊಟದ ನಡುವೆ ಟ್ಯಾಬು, ಅನ್ನ ಇನ್ನಷ್ಟು ಬೇಕೇ ಎಂದು ಕೇಳಿತು. ಹಸಿವು ಸರಿಯಾಗಿಯೇ ಇತ್ತು. ಆದರೂ ಬೇಡ ಎಂದು ಒತ್ತಿದೆ. ಪದ್ಮಾ ಕೂಡ ಬೇಡ ಒತ್ತಿದಳು. ನಮ್ಮ ಕಡೆ ಮೊದಲ ಸಲ ಬೇಡ ಅನ್ನುವುದು ಮರ್ಯಾದೆ, ಎರಡನೆಯ ಸಲ ಎಲೆಗೆ ಕೈ ಅಡ್ಡ ಹಿಡಿಯುವುದು ಪದ್ಧತಿ, ಮೂರನೆಯ ಸಲ ಬಡಿಸಿಕೊಳ್ಳುವುದು ಊಟ. ನಾವಿಬ್ಬರೂ ಎರಡನೆಯ ಸಲ ಕೇಳಲಿ ಎಂದು ಟ್ಯಾಬಿನ ಮುಖ ನೋಡುತ್ತಾ ಕೂತೆವು. ಅದು ಧನ್ಯವಾದ ಹೇಳಿ ಕಪ್ಪಾಯಿತು. ಬೆಕ್ಕೂ ಪಕ್ಕದ ಮೇಜಿಗೆ ಹಾಡಿಕೊಂಡು ಹೋಯಿತು.

"ಬಲವಂತ ಮಾಡೋದನ್ನ ಒಂದು ಕಲಿಸಿಲ್ಲ ಇವಕ್ಕೆ," ಎಂದು ಪದ್ಮಾ ನಗತೊಡಗಿದವಳು ನೀರು ಕುಡಿದರೂ ನಿಲ್ಲಿಸಲಿಲ್ಲ. ರೂಮಿಗೆ ಹೋಗಿ ಚಟ್ನಿಪುಡಿ ಹಚ್ಚಿಕೊಂಡು ಅವಲಕ್ಕಿ ತಿಂದೆವು.

ನಾರಾ

ನಾರಾದಲ್ಲಿ ಜಿಂಕೆಗಳು ರಸ್ತೆಯ ಮೇಲೆ ನಮ್ಮೂರ ದನಗಳಷ್ಟೇ ಅಧಿಕಾರದಿಂದ ಓಡಾಡುತ್ತವೆ. ಬಿಸ್ಕತ್ತು ತೋರಿಸಿದರೆ ತಲೆ ಬಾಗಿಸಿ ನಮಸ್ಕಾರ ಮಾಡುತ್ತವೆ. ನಮಸ್ಕಾರ ಆದ ಮೇಲೂ ಕೊಡದಿದ್ದರೆ ಬ್ಯಾಗಿಗೆ ಬಾಯಿ ಹಾಕುತ್ತವೆ.

ಅಲ್ಲಿಗೆ ನಾನು ನನ್ನ ಹೊಸ ಕೋಲು ತಂದಿದ್ದೆ. ಫೋನು ಸಿಕ್ಕಿಸಿದರೆ ಅದು ಮನುಷ್ಯರ ಮುಖವನ್ನು ಗುರುತಿಟ್ಟುಕೊಂಡು, ಅವರು ಎತ್ತ ತಿರುಗಿದರೂ ತಾನೇ ಕತ್ತು ತಿರುಗಿಸಿ ಚಿತ್ರ ತೆಗೆಯುತ್ತದೆ. ಪದ್ಮಾ ಹತ್ತು ಹೆಜ್ಜೆ ಮುಂದೆ ಒಂದು ಮರಿಯ ಪಕ್ಕ ಕೂತಿದ್ದಳು. ಮರಿ ಸಣ್ಣದಾಗಿ ಏನೋ ದನಿ ಮಾಡುತ್ತಿತ್ತು, ಅವಳು ಕಿವಿ ಕೊಟ್ಟು ಅದನ್ನೇ ಕೇಳುತ್ತಿದ್ದಳು. "ಎಡಕ್ಕೆ ಬಾ, ಬೆಳಕು ಸರಿಯಿಲ್ಲ," ಎಂದೆ. ತಿರುಗಲಿಲ್ಲ. ಇನ್ನೊಮ್ಮೆ ಹೇಳಿದೆ. ಕೈಯಲ್ಲೇ, ಸ್ವಲ್ಪ ಇರಿ, ಎಂದಳು. ಅಷ್ಟರಲ್ಲಿ ಮೋಡ ಬಂದು ನನ್ನ ಚಿತ್ರ ಕೆಟ್ಟಿತು. ನಾನು ಅವಳಿಗೆ ಬೆನ್ನು ಮಾಡಿ, ಕೋಲು ಮಡಿಸುತ್ತಾ, ಬಾಯೊಳಗೇ ಗೊಣಗಿದೆ: "ಈ ಕಿವುಡಿಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ."

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೆ ಬರೆಯದಿದ್ದರೆ ಈ ಪ್ರವಾಸದ ಕಥೆಯೇ ಇಲ್ಲ. ಮೂರು ವರ್ಷದಿಂದ ಮನೆಯಲ್ಲಿ ನನಗೆ ಅದೊಂದು ರೂಢಿಯಾಗಿತ್ತು. ಅವಳಿಗೆ ಕೇಳುವುದಿಲ್ಲವೆಂಬ ಧೈರ್ಯದ ಮೇಲೆ ಬೆಳೆದ ರೂಢಿ. ಸಿಟ್ಟೇನೂ ಇರುತ್ತಿರಲಿಲ್ಲ, ಬಾಯಿಗೆ ಬಂದದ್ದು ಬರುತ್ತಿತ್ತು. ಅವಳ ಕಿವಿಗೆ ಮೆಷಿನ್ ತಂದುಕೊಟ್ಟವನು ನಾನೇ. ಅದು ಕೆಲಸ ಮಾಡುತ್ತಿದೆ ಎಂಬುದು ಆ ಕ್ಷಣ ನನ್ನ ತಲೆಯಲ್ಲಿ ಇರಲಿಲ್ಲ.

ಪದ್ಮಾ ಎದ್ದು ಬಂದು, "ಫೋಟೋ ಬಂತಾ?" ಎಂದು ಕೇಳಿದಳು. ಇಲ್ಲ ಎಂದೆ. ಹೋಗಲಿ ಬಿಡಿ ಎಂದಳು. ಕ್ಯೋಟೋಗೆ ಹೋಗುವ ರೈಲಿನಲ್ಲಿ ಮೆಷಿನ್ ತೆಗೆದು ಡಬ್ಬಿಯಲ್ಲಿಟ್ಟಳು. ನಾನು, ಪಾಪ, ಆಯಾಸವಾಗಿರಬೇಕು ಎಂದುಕೊಂಡೆ.

ಕ್ಯೋಟೋ, ಆಯುಧಪೂಜೆ

ನಾನು ಊರಿನಲ್ಲಿಲ್ಲದ ಮೊದಲ ಆಯುಧಪೂಜೆ. ತಾಂಡ್ಯದಲ್ಲಿ ಅವತ್ತು ಮೆಷಿನ್‌ಗಳನ್ನೆಲ್ಲ ತೊಳೆದು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆಯುತ್ತಾರೆ. ಮಹದೇವ ಸ್ಪ್ಯಾನರಿನಿಂದ ಹಿಡಿದು ಕಂಪ್ಯೂಟರ್ ಮೌಸಿನವರೆಗೆ ಒಂದನ್ನೂ ಬಿಡದೆ ಕುಂಕುಮ ಇಡುತ್ತಾನೆ. ವರ್ಷವಿಡೀ ನಮಗೆ ದುಡಿದವಕ್ಕೆ ಒಂದು ದಿನ ಕೈಮುಗಿಯದಿದ್ದರೆ ಹೇಗೆ?

ಪದ್ಮಾ ಸ್ನಾನಕ್ಕೆ ಹೋದಾಗ ಹೋಟೆಲಿನ ಮೇಜಿನ ಮೇಲೆ ಟವೆಲ್ ಹಾಸಿ ನನ್ನ ಬಳಗವನ್ನೆಲ್ಲ ಸಾಲಾಗಿ ಇಟ್ಟೆ. ಎರಡು ಫೋನು, ವಾಚು, ಪವರ್‌ಬ್ಯಾಂಕು, ಕ್ಯಾಮೆರಾ ಕೋಲು, ಮುಖ್ಯ ಅತಿಥಿಗಳಾಗಿ ಎರಡು ಕಿವಿ ಮೆಷಿನ್ನು. ಊರಿಂದ ತಂದಿದ್ದ ಗಂಧವನ್ನು ಹನಿ ನೀರಿನಲ್ಲಿ ಕಲಸಿ ಎಲ್ಲಕ್ಕೂ ಬೊಟ್ಟು ಇಟ್ಟು, ಮೇಲೆ ಕುಂಕುಮ ಒತ್ತಿದೆ. ಕಿವಿ ಮೆಷಿನ್ನಿಗೆ ಭಕ್ತಿ ಹೆಚ್ಚಾಗಿ ಬೊಟ್ಟು ದಪ್ಪವಾಯಿತು. ನಿಂಬೆಹಣ್ಣಿನ ಬದಲು ಅಂಗಡಿಯಲ್ಲಿ ಸಿಕ್ಕ ಹಸಿರು ಕಿತ್ತಳೆಯಂಥದ್ದು ಒಂದು ಇಟ್ಟೆ. ಕರ್ಪೂರ ಹಚ್ಚಿದರೆ ಹೊಗೆಗೆ ಇಡೀ ಹೋಟೆಲಿನ ಅಲಾರಂ ಬಡಿದುಕೊಳ್ಳುತ್ತದೆಂದು ಮೊದಲೇ ಓದಿದ್ದೆ. ಅದಕ್ಕೂ ಆ್ಯಪ್ ಇದೆ. ಫೋನಿನ ಪರದೆಯಲ್ಲಿ ದೀಪ ಉರಿಯುತ್ತದೆ, ಅಲ್ಲಾಡಿಸಿದರೆ ಗಂಟೆ ಬಾರಿಸುತ್ತದೆ. ಒಂದು ಫೋನಿನಿಂದ ಇನ್ನೊಂದು ಫೋನಿಗೆ ಮಂಗಳಾರತಿ ಎತ್ತಿದೆ.

ಪದ್ಮಾ ಬಂದು ನೋಡಿ, "ಇದಕ್ಕೂನಾ?" ಎಂದಳು. ಮೆಷಿನ್ ಒರೆಸಿ ಕಿವಿಗಿಟ್ಟಳು. ಬಲಗಡೆಯದು ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ ಎಂದಳು. ಸ್ವಲ್ಪ ಹೊತ್ತಿಗೆ ಏನೂ ಇಲ್ಲ. ಎಡಗಡೆಯದೂ ಕರ್ ಎಂದು ಸುಮ್ಮನಾಯಿತು. ಇಪ್ಪತ್ತೈದು ವರ್ಷ ಸೆನ್ಸರ್ ಕೆಲಸ ಮಾಡಿದವನು, ದನಿ ಒಳಗೆ ಹೋಗುವ ಸೂಜಿಮೊನೆಯಷ್ಟು ತೂತಿನ ಮೇಲೇ ಸರಿಯಾಗಿ ಗಂಧ ಮೆತ್ತಿ ಕುಂಕುಮದ ಬಿರಡೆ ಹಾಕಿದ್ದೆ.

ಅವಳು ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ಹೋಗಲಿ ಬಿಡಿ. ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು," ಎಂದು ಡಬ್ಬಿ ಮುಚ್ಚಿದಳು. ಊರಿಗೆ ಹೋದ ಮೇಲೆ ಪತ್ರ ಕೊಡುವುದು ಖಂಡಿತ ಎಂದು ನನಗೆ ಅರ್ಥವಾಯಿತು. ಅದಕ್ಕೆ ಕಾರಣ ನನ್ನ ಕುಂಕುಮ ಎಂದುಕೊಂಡೆ.

ಕ್ಯೋಟೋ, ಕಿವಿ ಅಂಗಡಿ

ಹೋಟೆಲಿನ ಕೌಂಟರಿನ ಹುಡುಗಿ ನನ್ನ ಮುಖ ನೋಡಿಯೇ ಅಂಗೈಯಗಲದ ಒಂದು ಯಂತ್ರ ಮುಂದೆ ಹಿಡಿದಳು. ನಾನು ಕನ್ನಡದಲ್ಲಿ ಹೇಳಿದ್ದು ಅದರಲ್ಲಿ ಜಪಾನಿಯಾಗಿ ಮೂಡಿತು. ಎರಡು ಬೀದಿ ಆಚೆ ಕಿವಿ ಮೆಷಿನ್ ಅಂಗಡಿ ಇದೆ ಎಂದು ನಕ್ಷೆ ಬರೆದುಕೊಟ್ಟದ್ದಲ್ಲದೆ, ಬಾಗಿಲವರೆಗೆ ಬಂದು ತಿರುವು ತೋರಿಸಿದಳು. ನಂಜನಗೂಡಿನಲ್ಲಿ ಕನ್ನಡ ಬಾರದ ಒಬ್ಬ ಬಂದು ಕಿವಿ ತೋರಿಸಿದ್ದರೆ ನಾವು ಇಷ್ಟು ಮಾಡುತ್ತಿದ್ದೆವೇ ಎಂದು ಯೋಚಿಸಿದೆ. ಮಾಡುತ್ತಿದ್ದೆವು, ಜೊತೆಗೆ ಯಾವೂರು, ಮಕ್ಕಳೆಷ್ಟು ಎಂದೂ ಕೇಳುತ್ತಿದ್ದೆವು.

ಅಂಗಡಿಯಲ್ಲಿ ಅರವತ್ತರ ಆಸುಪಾಸಿನ ಒಬ್ಬಾಕೆ ಬಿಳಿ ಕೋಟು ಹಾಕಿಕೊಂಡು ಕೂತಿದ್ದರು. ಮೇಜಿನ ಮೇಲೆ ಒಂದು ಟ್ಯಾಬನ್ನು ಎರಡೂ ಕಡೆಯವರಿಗೆ ಕಾಣುವಂತೆ ಇಟ್ಟರು. ಅವರು ಆಡಿದ್ದು ನಮ್ಮ ಕಡೆ ಕನ್ನಡ, ನಾವು ಆಡಿದ್ದು ಅವರ ಕಡೆ ಜಪಾನಿ. ಗುಂಡಿ ಒತ್ತುವ ಕೆಲಸವೂ ಇಲ್ಲ, ಯಾರು ಬಾಯಿ ತೆರೆದರೂ ಬರೆದುಕೊಳ್ಳುತ್ತದೆ. ಇದನ್ನು ಎಲ್ಲಿ ಕೊಂಡಿರಿ ಎಂದು ಕೇಳಬೇಕೆಂದಿದ್ದೆ, ಪದ್ಮಾ ಕಣ್ಣು ಬಿಟ್ಟಳು.

ಆಕೆ ಭೂತಕನ್ನಡಿಯಲ್ಲಿ ನೋಡಿ, ಒಂದೇ ಎಳೆಯಂಥ ಬ್ರಷ್ಷಿನಿಂದ ತೂತು ಬಿಡಿಸಿ, ಬಿಳಿ ಬಟ್ಟೆಯ ಮೇಲೆ ಉದುರಿದ ಕೆಂಪನ್ನು ತೋರಿಸಿ, ಇದೇನು ಎಂದು ಕೇಳಿದರು. ವರ್ಷಕ್ಕೊಂದು ದಿನ ನಾವು ಹತಾರಗಳಿಗೆ ಪೂಜೆ ಮಾಡುತ್ತೇವೆ ಎಂದೆ. ಆಕೆ ನಗಲಿಲ್ಲ. ಟ್ಯಾಬಿನಲ್ಲಿ ಬಂತು: ಇಲ್ಲಿ ಮುರಿದ ಹೊಲಿಗೆ ಸೂಜಿಗಳಿಗೆ ಒಂದು ದಿನ ಇದೆ. ಗಟ್ಟಿ ಬಟ್ಟೆಯಲ್ಲಿ ದುಡಿದು ದಣಿದಿರುತ್ತವೆಂದು ಸೋಯಾ ಹಾಲಿನ ಮೆತ್ತನೆಯ ತೋಫುವಿನಲ್ಲಿ ಚುಚ್ಚಿಟ್ಟು ಕೈಮುಗಿಯುತ್ತೇವೆ. ಮುಂದಿನ ವರ್ಷ ನೀವು ಪೂಜೆಯನ್ನು ಡಬ್ಬಿಗೆ ಮಾಡಿ.

ನನಗೆ ಆಕೆಯ ಕಾಲಿಗೆ ಬೀಳಬೇಕೆನ್ನಿಸಿತು.

ಮೆಷಿನ್ ಸರಿಹೋಯಿತು. ಪರೀಕ್ಷೆ ಮಾಡಬೇಕೆಂದು ಪದ್ಮಾಳನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ನನ್ನನ್ನು ಹಿಂದೆ ನಿಲ್ಲಿಸಿದರು. ಮನೆಯಲ್ಲಿ ಆಡುವ ದನಿಯಲ್ಲೇ ಏನಾದರೂ ಹೇಳಬೇಕು, ಅವಳು ಅದನ್ನೇ ತಿರುಗಿ ಹೇಳಬೇಕು. ಬಸ್ ಬಂತು ಎಂದೆ, ಬಸ್ ಬಂತು ಎಂದಳು. ಕಾಫಿ ಆಯ್ತಾ ಎಂದೆ, ಆಯ್ತಾ ಎಂದಳು. ಇನ್ನೂ ಮೆಲ್ಲಗೆ, ತನಗೆ ತಾನೇ ಆಡಿಕೊಳ್ಳುವ ಹಾಗೆ, ಎಂದು ಟ್ಯಾಬಿನಲ್ಲಿ ಬಂತು.

ಪದ್ಮಾ ಗೋಡೆ ನೋಡಿಕೊಂಡೇ ಹೇಳಿದಳು: "ನಾರಾದಲ್ಲಿ ಅಂದ್ರಲ್ಲ, ಅದನ್ನೇ ಅನ್ನಿ."

"ಏನಂದೆ?"

"ಈ ಕಿವುಡಿಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ."

ಟ್ಯಾಬು ಬರೆದುಕೊಂಡಿತು. ಅಂಗಡಿಯಾಕೆ ಓದಿದರು. ನಾನು ಇಷ್ಟು ಹೊಗಳಿದ್ದ ಆ ಯಂತ್ರವನ್ನು ಎತ್ತಿ ಕವುಚಿ ಹಾಕಬೇಕೆನ್ನಿಸಿತು. ಆಕೆ ಕೆಂಪಾದ ಬಟ್ಟೆಯನ್ನು ನಾಲ್ಕು ಮಡಿಕೆ ಮಡಿಸಿ ಪಕ್ಕಕ್ಕಿಟ್ಟರು. ಆಮೇಲೆ ಪದ್ಮಾಳ ಕುರ್ಚಿ ತಿರುಗಿಸಿ, ಅವಳನ್ನೇ ನೋಡುತ್ತಾ ಏನೋ ಹೇಳಿದರು. ಟ್ಯಾಬಿನಲ್ಲಿ ನಮ್ಮಿಬ್ಬರಿಗೂ ಕಂಡಿತು: ಇದನ್ನು ವಾಪಸ್ ತಂದುಕೊಡುವವರು ಬಹಳ ಜನ. ಕೇಳಿಸುವುದಿಲ್ಲವೆಂದು ತರುವುದಿಲ್ಲ. ಕೇಳಿಸಿತೆಂದು ತರುತ್ತಾರೆ.

ಏರ್‌ಪೋರ್ಟಿಗೆ ಹೋಗುವ ರೈಲು

ಜಪಾನಿನ ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ನಮ್ಮ ಮೈಸೂರು ರೈಲಿನಲ್ಲಿ ನಂಜನಗೂಡು ದಾಟುವಷ್ಟರಲ್ಲಿ ಎದುರು ಸೀಟಿನವರ ಮಗಳ ಜಾತಕವೇ ಗೊತ್ತಾಗಿರುತ್ತದೆ. ಇಲ್ಲಿ ಕೆಮ್ಮಿದರೂ ತಪ್ಪು ಮಾಡಿದಂತೆ ಅನ್ನಿಸುತ್ತದೆ. ನನಗೆ ಅವಳ ಹತ್ತಿರ ಹೇಳುವುದು ಬಹಳ ಇತ್ತು. ಪಕ್ಕದಲ್ಲೇ ಭುಜಕ್ಕೆ ಭುಜ ತಾಗಿಸಿ ಕೂತವಳಿಗೆ ಫೋನಿನಲ್ಲಿ ಬರೆಯತೊಡಗಿದೆ. ಮೂರು ಸಲ ಬರೆದು ಅಳಿಸಿದೆ. ಅಭ್ಯಾಸಬಲ ಎಂದು ಬರೆದೆ, ಅದು ಸುಳ್ಳು ನೆಪ ಅನ್ನಿಸಿತು. ಸಿಟ್ಟಿನಲ್ಲಿ ಅಂದೆ ಎಂದು ಬರೆದೆ, ಸಿಟ್ಟೂ ಇರಲಿಲ್ಲ. ಕೊನೆಗೆ, ತಪ್ಪಾಯ್ತು ಪದ್ಮಾ, ಎಂದಷ್ಟೇ ಕಳಿಸಿದೆ.

ಅವಳ ಉತ್ತರ ಬರಲು ಎರಡು ಸ್ಟೇಷನ್ ಹಿಡಿಯಿತು.

"ನೀವು ಅಂದಿದ್ದಕ್ಕೆ ಬೇಜಾರಾಯ್ತು. ಆದ್ರೆ ಭಯ ಅದಲ್ಲ. ನೀವು ನನ್ನ ಗಂಡ, ನೀವೇ ಹಂಗಂದ್ರೆ ಮಕ್ಕಳು ಏನಂತಾವೋ. ಮೂರು ವರ್ಷದಿಂದ ಅವು ನಗೋದು ಕಾಣಿಸುತ್ತೆ, ಏನಂದ್ಕೊಂಡು ನಗ್ತವೆ ಅಂತ ಕೇಳಿಸಲ್ಲ. ಮೆಷಿನ್ ಹಾಕ್ಕೊಂಡ್ರೆ ಕೇಳಿಸುತ್ತೆ. ಆ ಧೈರ್ಯ ನನಗಿಲ್ಲ ಕಣ್ರೀ."

ನಾನು ಇಷ್ಟು ದಿನ ಇವಳು ಅಂದ ಕೆಡುತ್ತದೆಂದು ಹೆದರುತ್ತಾಳೆ, ಕಿವಿ ಕಾಣುತ್ತದೆಂದು ಹೆದರುತ್ತಾಳೆ ಎಂದುಕೊಂಡಿದ್ದೆ. ಫೋನು ತೊಡೆಯ ಮೇಲಿಟ್ಟು ಅವಳ ಕೈ ಹಿಡಿದುಕೊಂಡೆ. ಎದುರಿನ ಮುದುಕರು ಮರ್ಯಾದೆಯಿಂದ ಕಿಟಕಿಯ ಹೊರಗೆ ನೋಡಿದರು. ಸ್ವಲ್ಪ ಹೊತ್ತಾದ ಮೇಲೆ ನನ್ನ ಫೋನು ಮತ್ತೆ ನಡುಗಿತು.

"ಒಂದು ದಿನ ಹಾಕ್ಕೊಂಡು ಹೋಗ್ತೀನಿ. ಪತ್ರ ಬ್ಯಾಗಲ್ಲೇ ಇರ್ಲಿ."

ನಂಜನಗೂಡು

ಸ್ಕೂಲು ತೆರೆದ ದಿನ ಅವಳು ಕೂದಲು ಎತ್ತಿ ಕಟ್ಟಿಕೊಂಡು ಬಸ್ ಹತ್ತಿದಳು. ನಾನು ರಜೆ ಹಾಕಿದ್ದೆ. ಮಹದೇವ ಫೋನು ಮಾಡಿ, "ಕಕ್ಕಸ್ಸಿನ ವಿಡಿಯೋ ಎಲ್ಲಿ ಸಾ?" ಎಂದದ್ದಕ್ಕೂ ಸರಿಯಾಗಿ ಉತ್ತರಿಸಲಿಲ್ಲ. ಸಂಜೆ ಬಾಗಿಲ ಕ್ಯಾಮೆರಾದಲ್ಲಿ ಅವಳ ಮುಖ ಬಂದಾಗ ಫೋನಿನಲ್ಲೇ ಮುಖಭಾವ ಓದಲು ನೋಡಿದೆ. ಏನೂ ಗೊತ್ತಾಗಲಿಲ್ಲ. ಚಪ್ಪಲಿ ಬಿಟ್ಟು, ಕಾಲು ತೊಳೆದು, ಸೋಫಾದಲ್ಲಿ ಕೂತಳು.

"ಹಿಂದಿನ ಬೆಂಚಲ್ಲಿ ಒಬ್ಬ ಅಂದ. ಅದೇ ನೀವು ಅಂದಿದ್ದು," ಎಂದಳು. "ಬೋರ್ಡಿಗೆ ಕರೆದು ಲೆಕ್ಕ ಕೊಟ್ಟೆ. ಬರ್ಲಿಲ್ಲ. ಗಂಟೆ ಹೊಡೆಯೋವರೆಗೂ ಅಲ್ಲೇ ನಿಂತಿದ್ದ."

ನಾನು ತಲೆ ತಗ್ಗಿಸಿದೆ.

"ಇವತ್ತು ಹೊಸದಾಗಿ ಒಂದು ಹುಡುಗಿ ಸೇರಿತು. ಉತ್ತರ ಕೇಳಿದೆ, ಕೂತಲ್ಲೇ ಸಣ್ಣಗೆ ಹೇಳ್ತು. ನನಗೆ ಚೆನ್ನಾಗೇ ಕೇಳಿಸ್ತು. ಅಷ್ಟರಲ್ಲಿ ಪಕ್ಕದ ಹುಡುಗಿ, ಮೂಗೂರಿಂದ ಬರುತ್ತಲ್ಲ ಅದು, ಇದರ ಕಿವೀಲಿ ಪಿಸುಗುಟ್ತು. 'ಅಂಗೆ ಕೂತ್ಕಂಡು ಏಳ್ಬಾರ್ದು ಕಣೇ. ಎದ್ದು ನಿಂತ್ಕಂಡು, ಮೇಡಂ ಮಕ ನೋಡ್ಕಂಡು, ಗಟ್ಟಿಯಾಗಿ ಏಳು. ನಮ್ ಕ್ಲಾಸಲ್ಲಿ ಎಲ್ರೂ ಅಂಗೇ ಏಳೋದು' ಅಂತು."

ಪದ್ಮಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮೂರು ವರ್ಷದಿಂದ ಕೂಗಾಡ್ಕೊಂಡು ಉತ್ತರ ಹೇಳ್ತವೆ ಕಣ್ರೀ. ನಾನು ಆಡ್ಕೋತಾ ಇದ್ದಾವೆ ಅಂದ್ಕೊಂಡಿದ್ದೆ. ಒಂಬತ್ತನೇ ಕ್ಲಾಸಿನ ಗಂಡುಹುಡುಗ್ರು ಗಟ್ಟಿಯಾಗಿ ಕೂಗಿದ್ರೆ ಗಂಟಲು ಒಡೆದು ಕೀಚಲು ಬರುತ್ತೆ. ಅದಕ್ಕೆ ನಗ್ತವೆ. ಇವತ್ತು ಕೇಳಿಸ್ತು, ನನಗೂ ನಗು ಬಂತು."

"ಪತ್ರ?"

"ಹೆಡ್‌ಮಾಸ್ಟ್ರು ಕೇಳಿದ್ರು. ಹತ್ತನೇ ಕ್ಲಾಸಿಗೆ ಸ್ಪೆಷಲ್ ಕ್ಲಾಸು ಯಾವತ್ತಿಂದ ಸಾರ್ ಅಂತ ಕೇಳ್ಕೊಂಡು ಬಂದೆ," ಎಂದು ಎದ್ದು ಅಡುಗೆಮನೆಗೆ ಹೋದಳು.

ನಾನು ಅಲ್ಲೇ 'ನಮ್ಮ ಕ್ಲಾಸಲ್ಲಿ ಎಲ್ಲರೂ ಹಾಗೇ' ಎಂಬ ಮಾತನ್ನು ಯೋಚಿಸುತ್ತಾ ಕೂತೆ. ಎದ್ದು ನಿಂತು, ಮುಖ ನೋಡಿ, ಗಟ್ಟಿಯಾಗಿ ಹೇಳಬೇಕೆಂದು ಆ ಮಕ್ಕಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಒಂದು ದಿನವೂ ಅದು ಹೊಳೆದಿರಲಿಲ್ಲ.

"ರಾತ್ರಿಗೆ ಏನು ಮಾಡ್ಲಿ?" ಎಂದು ಅವಳು ಒಳಗಿಂದ ಕೇಳಿದಳು.

ನಾನು ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ, ಅವಳು ತಿರುಗುವವರೆಗೆ ಕಾದು, "ಏನಾದ್ರೂ ಪರವಾಗಿಲ್ಲ," ಎಂದೆ.

"ಕೂತಲ್ಲಿಂದಲೇ ಹೇಳಿದ್ರೆ ಆಗಿತ್ತಲ್ಲ. ಈಗ ಕೇಳಿಸುತ್ತೆ," ಎಂದಳು.

"ಗೊತ್ತು," ಎಂದು ಅಲ್ಲೇ ನಿಂತೆ.